ಮೂತ್ರ ಸೋರುತ್ತದೆ ಎಂದು ಮಸೀದಿ ಬಿಡಬೇಕಿಲ್ಲ

ನಮ್ಮ ಮೊಹಲ್ಲಾದ ಹಾಜಿಯವರೊಬ್ಬರು ಬಾಂಗ್ ಕೊಡುವ ಮೊದಲೇ ಮಸೀದಿಗೆ ಬರುತ್ತಿದ್ದವರು. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಗಿ ಐದು ತಿಂಗಳಾದರೂ ಜುಮಾಕ್ಕೆ ಕೂಡ ಕಾಣಲಿಲ್ಲ. ಇನ್ನೂ ಸುಸ್ತು ಇರಬಹುದು ಅಂತ ನಾವು ಸುಮ್ಮನಿದ್ದೆವು. ಒಂದು ದಿನ ಮನೆಗೆ ಹೋದಾಗ ಮೆಲ್ಲಗೆ ಹೇಳಿದರು: "ಉಸ್ತಾದರೇ, ಕೆಮ್ಮಿದರೆ ಮೂತ್ರ ಹೋಗುತ್ತದೆ. ರುಕೂಗೆ ಬಾಗಿದರೂ ಹೋಗುತ್ತದೆ. ಹೀಗಿದ್ದವನು ಮಸೀದಿಗೆ ಬರುವುದು ಹೇಗೆ?" ಡಾಕ್ಟರ ಹತ್ತಿರ ಹೇಳಿದಿರಾ ಎಂದರೆ ಅದೂ ಇಲ್ಲ. ಜೊತೆಗೆ ಬರುವ ಮಗನ ಎದುರು ಹೇಳಲು ನಾಚಿಕೆಯಂತೆ.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಚೀಲದ ಬುಡದಲ್ಲಿ, ಮೂತ್ರದ ದಾರಿಯ ಸುತ್ತ. ಅದನ್ನು ತೆಗೆಯುವಾಗ ಮೂತ್ರ ಹಿಡಿದಿಡುವ ಸ್ನಾಯುಗಳಿಗೂ ಪೆಟ್ಟಾಗಬಹುದು. ಆದ್ದರಿಂದ ಪೈಪ್ ತೆಗೆದ ಮೇಲೆ ಸೋರುವುದು ಸಾಮಾನ್ಯ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಬಹುಮಟ್ಟಿಗೆ ಹಿಡಿತ ಬರುತ್ತದೆ. ರೇಡಿಯೇಷನ್ ಆದವರ ಕಷ್ಟ ಬೇರೆ: ಉರಿ, ಪದೇ ಪದೇ ಅವಸರ, ಶೌಚಾಲಯ ತಲುಪುವ ಮೊದಲೇ ಹೋಗಿಬಿಡುವುದು. ಕೆಲವರಿಗೆ ಇದು ವರ್ಷಗಳ ನಂತರವೂ ಶುರುವಾಗಬಹುದು. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕಾಯಬಾರದು, ಡಾಕ್ಟರರಿಗೆ ತೋರಿಸಬೇಕು.

ಇದಕ್ಕೆ ಮದ್ದಿದೆ. ಮೂತ್ರ ತಡೆಯುವಾಗ ಬಿಗಿಯುವ ಕೆಳಗಿನ ಸ್ನಾಯುಗಳನ್ನು ಕೆಲವು ಸೆಕೆಂಡ್ ಬಿಗಿಹಿಡಿದು ಸಡಿಲ ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಅದನ್ನು ದಿನಕ್ಕೆ ಮೂರು ಹೊತ್ತಾದರೂ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಸೋರುತ್ತದೆ ಎಂದು ನೀರು ಕುಡಿಯುವುದು ಬಿಡಬಾರದು. ಮೂತ್ರ ದಪ್ಪವಾದರೆ ಉರಿ, ಅವಸರ ಹೆಚ್ಚಾಗುತ್ತದೆ. ಚಾ, ಕಾಫಿ ಕಡಿಮೆ ಮಾಡಬಹುದು. ವರ್ಷವಾದರೂ ಸರಿಹೋಗದವರಿಗೆ ಬೇರೆ ಆಪರೇಷನ್‌ಗಳೂ ಇವೆ. ಆದರೆ ಬಾಯಿ ಬಿಟ್ಟು ಹೇಳದಿದ್ದರೆ ಡಾಕ್ಟರರಿಗೆ ಗೊತ್ತಾಗುವುದು ಹೇಗೆ?

ಇನ್ನು ನಮಾಝ್ ವಿಷಯ. ರಕ್ತಸ್ರಾವ ನಿಲ್ಲದ ಸಹಾಬಿ ಮಹಿಳೆಗೆ ಪ್ರವಾದಿಯವರು (ಸ) ನಮಾಝ್ ಬಿಡಲು ಹೇಳಲಿಲ್ಲ, ಪ್ರತಿ ನಮಾಝಿಗೆ ವುಳೂ ಮಾಡಲು ಹೇಳಿದರು. ಮೂತ್ರ ನಿಲ್ಲದವರಿಗೂ ಇದೇ ದಾರಿ. ನಮ್ಮ ಶಾಫಿಈ ಮದ್‌ಹಬಿನಲ್ಲಿ, ವುಳೂ ಮಾಡಿ ನಮಾಝ್ ಮುಗಿಸುವಷ್ಟು ಹೊತ್ತು ಸೋರದೆ ನಿಲ್ಲುವುದಾದರೆ ಆ ಹೊತ್ತಿನಲ್ಲೇ ನಮಾಝ್ ಮಾಡಬೇಕು. ನಿಂತರೆ ಸೋರಿ, ಕೂತರೆ ಸೋರದು ಎಂದಾದರೆ ಕೂತು ಮಾಡಬೇಕು. ಯಾವಾಗಲೂ ಸೋರುವವರು ಸಮಯವಾದ ಮೇಲೆ ತೊಳೆದು, ಹೊಸ ಪ್ಯಾಡ್ ಕಟ್ಟಿ, ಕೂಡಲೇ ವುಳೂ ಮಾಡಿ ನಮಾಝ್ ಮಾಡಬೇಕು. ಒಂದು ವುಳೂವಿಗೆ ಒಂದೇ ಫರ್ಳ್, ಸುನ್ನತ್ ಎಷ್ಟೂ ಆಗಬಹುದು. ಮಸೀದಿಗೆ ನಡೆಯುವುದಕ್ಕೆ, ಜಮಾಅತಿಗೆ ಕಾಯುವುದಕ್ಕೆ ಆಗುವ ತಡದಿಂದ ತೊಂದರೆಯಿಲ್ಲ. ಮಸೀದಿ ಮಲಿನವಾಗದಂತೆ ಭದ್ರವಾಗಿ ಕಟ್ಟಿಕೊಂಡರೆ ಒಳಗೆ ಬರಲು ಅಡ್ಡಿಯಿಲ್ಲ. ತಮ್ಮ ಸ್ಥಿತಿ ಯಾವುದು ಎಂಬ ಸಂಶಯವಿದ್ದವರು ಖತೀಬರಲ್ಲಿ ಕೇಳಲಿ. ನಾವು ನಗುವವರಲ್ಲ.

ಈಗ ಜಮಾಅತ್ ಕಮಿಟಿಯವರಲ್ಲಿ ಒಂದು ಮಾತು. ಲಕ್ಷಗಟ್ಟಲೆ ಖರ್ಚು ಮಾಡಿ ಮಿನಾರ ಕಟ್ಟುತ್ತೇವೆ. ಶೌಚಾಲಯದಲ್ಲಿ ಪ್ಯಾಡ್ ಹಾಕಲು ಮುಚ್ಚಳವಿರುವ ಒಂದು ಕಸದ ಬುಟ್ಟಿ ಇಟ್ಟಿದ್ದೇವೆಯೇ? ಬಟ್ಟೆ ನೇತುಹಾಕಲು ಮೊಳೆ, ಒಳಗಿನಿಂದ ಭದ್ರವಾಗಿ ಹಾಕುವ ಚಿಲಕ, ಬಾಗಿಲ ಹತ್ತಿರ ಎರಡು ಕುರ್ಚಿ ಇದ್ದರೆ ಎಷ್ಟೋ ಹಿರಿಯರು ಮಸೀದಿಗೆ ವಾಪಸ್ ಬಂದಾರು.

ಮಕ್ಕಳೂ ಗಮನಿಸಲಿ. ಆಪರೇಷನ್ ಆದ ಬಾಪ ಮದುವೆಗೆ ಬರುವುದಿಲ್ಲ, ಬಸ್ಸು ಹತ್ತುವುದಿಲ್ಲ ಎಂದರೆ ಹಟ ಅಂತ ಬಯ್ಯಬೇಡಿ. ಪ್ಯಾಡ್ ತಂದು ಅವರ ಕಪಾಟಿನಲ್ಲಿ ಸುಮ್ಮನೆ ಇಟ್ಟುಬಿಡಿ. ಡಾಕ್ಟರ ಕೋಣೆಯಲ್ಲಿ ಐದು ನಿಮಿಷ ನೀವು ಹೊರಗೆ ನಿಂತರೆ, ಅವರೇ ಹೇಳಿಕೊಳ್ಳುತ್ತಾರೆ.

ನಮ್ಮ ಹಾಜಿಯವರು ಈಗ ಲುಹರಿಗೆ ಬರುತ್ತಿದ್ದಾರೆ, ಕುರ್ಚಿಯಲ್ಲಿ ಕೂತು. ಪೂರ್ತಿ ಗುಣವಾಗಿಲ್ಲ. ಬುಟ್ಟಿ ಮಾತ್ರ ನಮ್ಮ ಮಸೀದಿಯಲ್ಲೂ ಇನ್ನೂ ಬಂದಿಲ್ಲ. ಮುಂದಿನ ಕಮಿಟಿ ಸಭೆಯಲ್ಲಿ ಕೇಳುತ್ತೇವೆ.