ಬೆಲ್ ನಮ್ಮದು, ಎದುರು ಮನೆ ಬಾಗಿಲು ಅವರದು

ಮನೆಗೆ ವಿಡಿಯೋ ಡೋರ್‌ಬೆಲ್ ಹಾಕಿದ್ರಾ? ಸುಮ್ ಸುಮ್ನೆ ನೋಟಿಫಿಕೇಶನ್ ಬರುತ್ತೆ, ಬ್ಯಾಟರಿ ಬೇಗ ಖಾಲಿ ಆಗುತ್ತೆ ಅಂತ ಬೈಯೋ ಮೊದಲು ಆ್ಯಪ್‌ನಲ್ಲಿ ಲೈವ್ ವ್ಯೂ ತೆಗೆದು ನೋಡಿ. ಅಪಾರ್ಟ್‌ಮೆಂಟ್ ಆದ್ರೆ ಎದುರು ಮನೆ ಬಾಗಿಲೇ ನಡುವೆ ಕೂತಿರುತ್ತೆ. ಆ ಆಂಟಿ ಹಾಲಿನ ಪ್ಯಾಕೆಟ್ ತಗೊಳ್ಳೋಕೆ ಬಂದ್ರೂ ರೆಕಾರ್ಡಿಂಗ್. ಪ್ರತಿ ರೆಕಾರ್ಡಿಂಗಿಗೂ ಬ್ಯಾಟರಿ ಖರ್ಚು.

ಬೆಲ್ ಜೊತೆ ಓರೆಯಾಗಿ ಕೂರಿಸೋ ಪ್ಲೇಟ್ ಬಂದಿದ್ರೆ, ಅದನ್ನ ಹಾಕಿ ಕ್ಯಾಮೆರಾನ ನಮ್ಮ ಹೊಸ್ತಿಲ ಕಡೆ ತಿರುಗಿಸಿ. ಮೋಷನ್ ಝೋನ್ ನಮ್ಮ ಡೋರ್‌ಮ್ಯಾಟ್‌ವರೆಗೆ ಸಾಕು. ಆದ್ರೆ ಅದರಿಂದ ಅಲರ್ಟ್ ಮಾತ್ರ ಕಮ್ಮಿ ಆಗುತ್ತೆ. ಅವರ ಬಾಗಿಲು ಕಾಣದ ಹಾಗೆ ಮುಚ್ಚೋಕೆ ಪ್ರೈವಸಿ ಝೋನ್ ಬೇಕು. ನಿಮ್ಮ ಮಾಡೆಲ್‌ನಲ್ಲಿ ಇದ್ರೆ ಹಾಕಿ.

'ಸೇಫ್ಟಿಗೆ ತಾನೇ' ಅಂತೀರಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಲ್ಲೇ. ಅದು ಸರ್ಕಾರದ ವಿರುದ್ಧದ ಕೇಸು, ನಿಜ. ಆದ್ರೆ ಎದುರು ಮನೆಗೆ ಯಾರು, ಎಷ್ಟೊತ್ತಿಗೆ ಬಂದ್ರು ಅನ್ನೋ ಲೆಕ್ಕ ನಮ್ಮ ಫೋನಲ್ಲಿ ಯಾಕೆ ಗುರು?

ಎಲ್ಲ ಸೆಟ್ ಮಾಡಿದ ಮೇಲೆ ಲೈವ್ ವ್ಯೂನ ಆ ಆಂಟಿಗೇ ಒಂದ್ಸಲ ತೋರಿಸಿ. ತೋರಿಸೋಕೆ ಮುಜುಗರ ಆದ್ರೆ ಇನ್ನೂ ಸ್ವಲ್ಪ ತಿರುಗಿಸ್ಬೇಕು.

ನಿಮ್ಮ ಬೆಲ್‌ಗೆ ಏನೇನು ಕಾಣುತ್ತೆ? ಕಮೆಂಟ್ ಮಾಡಿ.