ಫಲದ ಪಟ್ಟಿಯೂ ಪ್ರಶ್ನಪತ್ರಿಕೆಯೂ

ಪದವಿಯು ಮೂರು ವರ್ಷದ್ದಾಗಬೇಕೋ ನಾಲ್ಕು ವರ್ಷದ್ದೋ ಎಂಬ ವಾಗ್ವಾದವು, 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯು ಕರ್ನಾಟಕದ ಕಾಲೇಜುಗಳನ್ನು ಪ್ರವೇಶಿಸಿದಂದಿನಿಂದ ತೊಡಗಿ, 2024ರಲ್ಲಿ ರಾಜ್ಯ ಶಿಕ್ಷಣ ನೀತಿಗಾಗಿ ನೇಮಿತವಾದ ಸುಖದೇವ ಥೋರಟ್ ಆಯೋಗದ ಮಧ್ಯಂತರ ವರದಿಯನ್ನನುಸರಿಸಿ ಸರ್ಕಾರವು ಮೂರು ವರ್ಷಕ್ಕೇ ಮರಳಿದ ತರುವಾಯವೂ ಶಮನಗೊಂಡಂತಿಲ್ಲ. ಉಭಯಪಕ್ಷಗಳ ವಿದ್ವಾಂಸರೂ ಪಠ್ಯಕ್ರಮದ ಶಿರೋಭಾಗದಲ್ಲಿ ‘ಕಲಿಕಾ ಫಲ’ಗಳ ಪಟ್ಟಿಯನ್ನು ಶ್ರದ್ಧೆಯಿಂದ ಬರೆದಿಟ್ಟರು, ಆ ಫಲವು ಲಭಿಸಿತೋ ಇಲ್ಲವೋ ಎಂದು ನೋಡತಕ್ಕ ಪ್ರಶ್ನಪತ್ರಿಕೆಯನ್ನು ಮುಟ್ಟುವ ಧೈರ್ಯವನ್ನು ಮಾತ್ರ ತೋರಲಿಲ್ಲ.

ನಂಜನಗೂಡು ತಾಲ್ಲೂಕಿನ ಕವಲಂದೆಯಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ ಸಸ್ಯಶಾಸ್ತ್ರವನ್ನೋದುವ ವಿದ್ಯಾರ್ಥಿನಿಯೊಬ್ಬಳನ್ನು ಭಾವಿಸಿಕೊಳ್ಳಿ. ಸಸ್ಯರೋಗದ ಲಕ್ಷಣಗಳನ್ನು ಗುರುತಿಸಿ ಕಾರಣವನ್ನು ವಿವೇಚಿಸಬಲ್ಲಳೆಂಬುದು ಆಕೆಯ ಪಠ್ಯಕ್ರಮದ ವಾಗ್ದಾನ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯನ್ನು ಪನಾಮಾ ಸೊರಗುರೋಗವು, ಎಂದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರಬಲ್ಲ ಫ್ಯುಸೇರಿಯಂ ಶಿಲೀಂಧ್ರವು, ಆಕೆಯ ತಾಲ್ಲೂಕಿನಲ್ಲಿಯೇ ಕ್ಷೀಣದಶೆಗೆ ತಂದಿದೆ. ರೋಗಗ್ರಸ್ತ ಬಾಳೆಯ ದಿಂಡನ್ನು ಕೊಯ್ದು ಒಳಗಿನ ಕಂದುಗೆಂಪು ನಾಳಗಳನ್ನು ಕಣ್ಣಾರೆ ಕಾಣುವುದಕ್ಕೂ, ಒಂದು ತೋಟ ಸೊರಗಿ ನೆರೆಯ ತೋಟ ಉಳಿದದ್ದೇಕೆಂದು ರೈತನನ್ನು ವಿಚಾರಿಸುವುದಕ್ಕೂ ಒಂದು ಮಧ್ಯಾಹ್ನ ಸಾಕು. ಪರೀಕ್ಷೆಯಾದರೋ ‘ಪನಾಮಾ ರೋಗದ ಕುರಿತು ಟಿಪ್ಪಣಿ ಬರೆಯಿರಿ’ ಎನ್ನುತ್ತದೆ. ಗೈಡಿನ ಅರ್ಧ ಪುಟ ಕಂಠಸ್ಥವಾಗಿದ್ದರೆ ಪೂರ್ಣಾಂಕ. ಆಕೆ ತೋಟಕ್ಕೆ ಹೋಗದಿರುವುದು ಆಲಸ್ಯವಲ್ಲ, ವಿವೇಕ!

ವಿದ್ಯಾರ್ಥಿಯು ಏನನ್ನು ಮಾಡಬಲ್ಲವನಾಗಬೇಕೆಂಬುದನ್ನು ಮೊದಲು ನಿಶ್ಚಯಿಸಿ, ತರಗತಿಯಲ್ಲಿ ಅದನ್ನೇ ಮಾಡಿಸಿ, ಪರೀಕ್ಷೆಯಲ್ಲಿಯೂ ಅದನ್ನೇ ಕೇಳತಕ್ಕದ್ದೆಂಬ ತತ್ತ್ವವನ್ನು ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ ಜಾನ್ ಬಿಗ್ಸ್ 1996ರಲ್ಲಿ ಪ್ರತಿಪಾದಿಸಿದರು. ಶಿಷ್ಯನ ಕೈಗೆ ಉಳಿ ಕೊಟ್ಟು ಬಾಗಿಲುವಾಡ ಮಾಡಿಸಿ ನೋಡುವ ನಮ್ಮ ಬಡಗಿಗೆ ಇದು ಹೊಸ ಸಂಗತಿಯೇನಲ್ಲ. ನಾವಾದರೋ ತತ್ತ್ವವನ್ನು ಬಿಟ್ಟು ಕೋಷ್ಟಕವನ್ನು ಮಾತ್ರ ಆಮದು ಮಾಡಿಕೊಂಡೆವು: ಕಾಲೇಜುಗಳ ಗುಣಮಟ್ಟವನ್ನು ನಿರ್ಣಯಿಸುವ ನ್ಯಾಕ್ ಸಮಿತಿಯು ಬರುವ ಮುನ್ನ ಯಾವ ಪತ್ರಿಕೆಗೂ ಯಾವ ಫಲಕ್ಕೂ ಎಷ್ಟು ಸಂಬಂಧವೆಂದು ಚೌಕಗಳಲ್ಲಿ ಒಂದು, ಎರಡು, ಮೂರೆಂದು ತುಂಬುವುದು ಅಧ್ಯಾಪಕರ ಉದ್ಯೋಗವಾಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯನ್ನು ಬಹುಮಟ್ಟಿಗೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷದ ನೇಮಕವೇ ನಿಶ್ಚಿತವಿಲ್ಲದವರು ತಮ್ಮದಲ್ಲದ ಪಠ್ಯಕ್ರಮವನ್ನು ಬೋಧಿಸಿ, ತಾವು ರಚಿಸದ ಪ್ರಶ್ನೆಗಳಿಗೆ ಮಕ್ಕಳನ್ನು ಸಿದ್ಧಗೊಳಿಸಬೇಕಾಗಿದೆ.

ತೋಟಕ್ಕೆ ಹೋಗಿ ನೋಡುವಂತಹ ಕಾರ್ಯಕ್ಕೆಂದು ಆಂತರಿಕ ಅಂಕಗಳನ್ನು ಅಧ್ಯಾಪಕರಿಗೆ ಬಿಟ್ಟರೆ ಅವು ಧರ್ಮಾರ್ಥವಾಗಿ ಹಂಚಿಹೋಗುತ್ತವೆಂಬ ಆಕ್ಷೇಪವು ನಿರಾಧಾರವಲ್ಲ. ರಾಷ್ಟ್ರೀಯ ನೀತಿಯಡಿ ನಾಲ್ವತ್ತು ಅಂಕಗಳನ್ನು ಹಾಗೆ ಕೊಟ್ಟಾಗ ಬಹುಕಡೆ ಆದದ್ದೂ ಅದೇ. ಆದರೆ ಅಂಕಗಳ ಪ್ರಮಾಣವನ್ನು ಹೆಚ್ಚುಕಡಮೆ ಮಾಡುವುದು ಇದಕ್ಕೆ ಪರಿಹಾರವಲ್ಲ. ಆಂತರಿಕ ಕಾರ್ಯದ ಬರಹವನ್ನು ಬೇರೊಂದು ಕಾಲೇಜಿನವರು ಪರಿಶೀಲಿಸಲಿ. ಅಂತಿಮ ಪರೀಕ್ಷೆಯಲ್ಲಿ ರೋಗದ ಹೆಸರನ್ನು ಹೇಳದೆ ಲಕ್ಷಣಗಳನ್ನು ಮಾತ್ರ ವರ್ಣಿಸಿ ನಿರ್ಣಯವನ್ನು ಕೇಳಲಿ. ಕಾವ್ಯಾಸ್ವಾದದಂತಹ ಕೆಲವು ಫಲಗಳು ಯಾವ ಅಳತೆಗೂ ಸಿಕ್ಕುವುವಲ್ಲ. ಅವನ್ನು ಅಳೆಯುವ ನಟನೆಯನ್ನು ಬಿಟ್ಟರೂ ನಷ್ಟವಿಲ್ಲ. ಇನ್ನುಳಿದ ಪತ್ರಿಕೆಗಳ ಮಟ್ಟಿಗೆ, 1916ರಿಂದ ಪರೀಕ್ಷೆಗಳನ್ನು ನಡೆಸುತ್ತ ಬಂದಿರುವ ಮೈಸೂರು ವಿಶ್ವವಿದ್ಯಾನಿಲಯವೇ ಮೊದಲಾಗಿ, ಕಳೆದ ಐದು ವರ್ಷಗಳ ಪ್ರಶ್ನಪತ್ರಿಕೆಗಳನ್ನು ತನ್ನ ಕಲಿಕಾ ಫಲಗಳ ಪಕ್ಕದಲ್ಲಿಟ್ಟು ಸಾರ್ವಜನಿಕರ ಮುಂದೆ ಪ್ರಕಟಿಸಲಿ.