ಪರವಾನಗಿಯಿಲ್ಲದ ಜೂಜುಕಟ್ಟೆ

ಜೂಜಿನ ಚಟದಿಂದ ಬಿಡಿಸಿಕೊಳ್ಳಬಯಸುವವರಿಗಾಗಿ ಬ್ರಿಟನ್ನಿನಲ್ಲಿ ‘ಗ್ಯಾಮ್‌ಸ್ಟಾಪ್’ ಎಂಬ ಉಚಿತ ವ್ಯವಸ್ಥೆಯೊಂದುಂಟು. ಅಲ್ಲಿ ಹೆಸರು ನೋಂದಾಯಿಸಿದವರನ್ನು ಆರು ತಿಂಗಳು, ಒಂದು ವರ್ಷ, ಇಲ್ಲವೆ ಐದು ವರ್ಷ, ಪರವಾನಗಿ ಪಡೆದ ಯಾವ ಆನ್‌ಲೈನ್ ಕ್ಯಾಸಿನೊ ಕೂಡ ಒಳಗೆ ಬಿಡುವಂತಿಲ್ಲ. 2020ರ ಮಾರ್ಚ್ ಅಂತ್ಯದಿಂದ ಇದು ಕಡ್ಡಾಯ. ಪರವಾನಗಿಯಿಲ್ಲದವರಾದರೋ ‘ನಾವು ಗ್ಯಾಮ್‌ಸ್ಟಾಪಿಗೆ ಸೇರಿದವರಲ್ಲ’ ಎಂಬುದನ್ನೇ ಜಾಹೀರಾತು ಮಾಡಿಕೊಂಡಿದ್ದಾರೆ! ಕುಡಿತ ಬಿಟ್ಟವನ ಮನೆಯ ಮುಂದೆಯೇ ಹೆಂಡದಂಗಡಿ ತೆರೆದಂತೆ.

ಒಳಹೊಕ್ಕವರ ಗತಿಯೇನು? ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳು. ಗೆದ್ದ ಸಂಖ್ಯೆಗೆ ದೊರೆಯುವ ಲಾಭ ಪಣದ 35 ಪಟ್ಟು. ಎಂದರೆ, ಪ್ರಾಮಾಣಿಕ ಕಟ್ಟೆಗೂ ನೂರು ಪೌಂಡಿನ ಪಣದಲ್ಲಿ ಸರಾಸರಿ 2.70 ಪೌಂಡು ಸಲ್ಲುತ್ತದೆ. ಅಪ್ರಾಮಾಣಿಕನ ಲೆಕ್ಕ ಬಲ್ಲವರಾರು? ಅಲ್ಲಿ ಸೋತವನಿಗಿಂತ ಗೆದ್ದವನ ಪಾಡೇ ವಿಚಿತ್ರ. ಹಣ ಕಟ್ಟುವಾಗ ಹೆಸರನ್ನೂ ಸರಿಯಾಗಿ ವಿಚಾರಿಸದವರು, ಗೆದ್ದ ಹಣ ಬೇಡಿದೊಡನೆ ಪಾಸ್‌ಪೋರ್ಟು ಕೊಡಿ, ಬ್ಯಾಂಕಿನ ಪತ್ರ ಕೊಡಿ ಎನ್ನುತ್ತಾರೆ. ಕೊನೆಗೆ ಬೋನಸ್ಸಿನ ಷರತ್ತು ಮುರಿದಿರೆಂದು ಖಾತೆಗೇ ಬೀಗ. ದೂರು ಆಲಿಸುವವರಿಲ್ಲ.

ಅಲ್ಲಿ ಮಕ್ಕಳಿರುವ ವಾಚಕರು ಅವರಿಗೆ ಇಷ್ಟನ್ನು ಬರೆದು ತಿಳಿಸಬಹುದು: ಪುಟದ ಅಡಿಯಲ್ಲಿ ಹೊಳೆಯುವ ಮುದ್ರೆಯನ್ನು ನಂಬದೆ, ಗ್ಯಾಂಬ್ಲಿಂಗ್ ಕಮಿಷನ್ನಿನ ಸಾರ್ವಜನಿಕ ದಾಖಲೆಯಲ್ಲಿ ಕಂಪೆನಿಯ ಹೆಸರನ್ನೂ ತಾಣದ ವಿಳಾಸವನ್ನೂ ತಾವೇ ಹುಡುಕಬೇಕು. ಕ್ರೆಡಿಟ್ ಕಾರ್ಡಿನಿಂದ ಪಣ ಕಟ್ಟಬಹುದೆಂದರೆ ಹುಡುಕಾಟವೂ ಬೇಡ. 2020ರ ಏಪ್ರಿಲ್‌ನಿಂದ ಪರವಾನಗಿದಾರರಿಗೆ ಅದು ನಿಷಿದ್ಧ.

ಭಾರತದಲ್ಲಿ ಇಂಥ ತಪಾಸಣೆಗೆ ಎಡೆಯೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವೊಡ್ಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ಒಟ್ಟಿಗೇ ನಿಷೇಧಿಸುತ್ತದೆ.